ಸಿಸ್ಟರ್ ಏಳಬೇಕಾಗಿದ್ದ ಜಾಗ

ಮೊದಲು ನಾನು ಕಂಡದ್ದು ಅವರ ಕೈಯನ್ನು, ಬರೀ ಕೈಯನ್ನು. ಗುಫೂಲ್ ಬಡಾವಣೆಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ನಮ್ಮ ಅಡುಗೆಮನೆಗೆ ಮಗ್ಗುಲಾದ ಕಿಟಕಿಯಿಂದ ಮೊಣಕೈವರೆಗೆ ಹೊರಚಾಚಿದ್ದ ಒಂದು ಹೆಂಗಸಿನ ಬಲಗೈ. ಸಾಬೂನು, ಸ್ಪಿರಿಟ್ಟುಗಳಲ್ಲಿ ತೊಳೆದು ತೊಳೆದು ಬಿಳಿಚಿಕೊಂಡು, ಗೆರೆಗಳಲ್ಲೆಲ್ಲ ಸೀಳು ಬಿಟ್ಟ ಅಂಗೈ. ಉಗುರುಗಳನ್ನು ಬುಡಕ್ಕೆ ಕತ್ತರಿಸಿದ್ದರು. ಅಂಗೈ ಮೇಲಕ್ಕಿತ್ತು. ಮಳೆ ಬರುತ್ತಿದೆಯೇ ಎಂದು ನೋಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಬಹರೈನಿನಲ್ಲಿ, ಜುಲೈ ತಿಂಗಳಲ್ಲಿ, ಮಳೆ! ತುಮಕೂರಿನಿಂದ ಬಂದಿಳಿದು ಒಂದು ವಾರವಾಗಿದ್ದವನ ತೀರ್ಮಾನಗಳು ಹಾಗೇ ಇರುತ್ತವೆ.

ಸ್ವಲ್ಪ ಹೊತ್ತಿಗೆ ಬಿಳಿ ಕೆನ್ನೆಯ ಪಿಕಳಾರ ಹಕ್ಕಿಯೊಂದು ಬಂದು, ಆ ಅಂಗೈಯ ಮೇಲೆ ಕೂತು, ಅಲ್ಲಿದ್ದ ಖರ್ಜೂರದ ಚೂರನ್ನು ನಿಧಾನವಾಗಿ, ಯಾರ ಹಂಗೂ ಇಲ್ಲದ ಅತಿಥಿಯ ಹಾಗೆ ತಿಂದು ಹೋಯಿತು. ಕೈ ಒಳಗೆ ಸರಿಯಿತು. ಕಿಟಕಿ ಮುಚ್ಚಿತು.

ಮರುದಿನ ಲಿಫ್ಟಿನಲ್ಲಿ ಆ ಕೈಯ ಒಡತಿ ಸಿಕ್ಕರು. ಬಿಳಿ ಸಮವಸ್ತ್ರ, ಕುಳ್ಳಗೆ, ನರೆ ಇಣುಕುತ್ತಿದ್ದ ತಲೆ. ನಾನು ಕನ್ನಡದಲ್ಲಿ ಹೆಂಡತಿಯ ಜೊತೆ ಮಾತಾಡುವುದು ಕೇಳಿ ಅವರ ಮುಖ ಅರಳಿತು. ಪಿಕಳಾರದ ವಿಷಯ ಕೇಳಿದೆ.

"ಅದು ನಮ್ಮ ಕೆವಿನ್ ಕಲಿಸಿದ್ದು ಮಾರಾಯ್ರೇ," ಅಂದರು.

ಕೆವಿನ್ ಎಂದರೆ ನನಗೆ ಗೊತ್ತಿದ್ದವನು ಕೆಳಮಹಡಿಯ ಮಂಗಳೂರಿನವರ ಮಗ. ನಿಲ್ಲಿಸಿದ ಕಾರುಗಳ ಗಾಜಿಗೆ ಚೆಂಡು ಒದೆಯುವುದರಲ್ಲಿ ನಿಷ್ಣಾತ. ಅವನಲ್ಲವಂತೆ. ಇವನು ಐರ್ಲೆಂಡಿನ ಕೆವಿನ್, ಸಾವಿರದ ಮೇಲೆ ಎಷ್ಟೋ ವರ್ಷದ ಹಿಂದಿನ ಸಂತ. ಕೈ ಚಾಚಿ ಪ್ರಾರ್ಥನೆ ಮಾಡುತ್ತಿದ್ದಾಗ ಕರಿಹಕ್ಕಿಯೊಂದು ಬಂದು ಅವನ ಅಂಗೈಯಲ್ಲಿ ಮೊಟ್ಟೆಯಿಟ್ಟಿತು. ಕೈ ಹಿಂತೆಗೆದರೆ ಮೊಟ್ಟೆ ಒಡೆಯುತ್ತದೆ. ಮರಿ ಹೊರಬರುವ ತನಕ ಆ ಪುಣ್ಯಾತ್ಮ ಕೈ ಚಾಚಿಕೊಂಡೇ ನಿಂತಿದ್ದ.

"ನಂಬುವ ಮಾತೇ ಸಿಸ್ಟರ್?"

"ನಂಬ್ಲಿಕ್ಕೆ ಎಂತ ಉಂಟು ಅದ್ರಲ್ಲಿ? ಹಕ್ಕಿಗೆ ಇನ್‌ಕ್ಯುಬೇಟರ್ ಬೇಕಿತ್ತು, ಅವ ಆದ. ಅಷ್ಟೆ."

ಲಿಫ್ಟು ಕೆಳಗಿಳಿದು, ಯಾರನ್ನೋ ಹತ್ತಿಸಿಕೊಂಡು ಮತ್ತೆ ಮೇಲೆ ಹೋಗಿತ್ತು. ನಾವು ಮೂವರೂ ಇಳಿದಿರಲಿಲ್ಲ.

ಸಿಸ್ಟರ್ ಎಂದರೆ ಸನ್ಯಾಸಿನಿಯಲ್ಲ, ನರ್ಸು. ಸಲ್ಮಾನಿಯಾದ ಆಸ್ಪತ್ರೆಯಲ್ಲಿ, ಅವಸರಪಟ್ಟು ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ವಾರ್ಡಿನಲ್ಲಿ ಅವರ ಆಯುಷ್ಯ ಕಳೆದಿತ್ತು. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಮದುವೆಯಾಗಲಿಲ್ಲ. ಹುಡುಗಿಯಾಗಿದ್ದಾಗ ನರ್ಸಿಂಗ್ ಶಾಲೆಯಲ್ಲಿ ಐರ್ಲೆಂಡಿನ ಒಬ್ಬ ಮುದಿ ಮದರ್ ಇದ್ದರಂತೆ. ಬ್ಯಾಂಡೇಜು ಸುತ್ತುವ ಕೆಲಸಕ್ಕೆ ಕೂತಾಗೆಲ್ಲ ತಮ್ಮ ನಾಡಿನ ಸಂತರ ಕಥೆ ಹೇಳುತ್ತಿದ್ದರಂತೆ. ಆ ಕಥೆಗಳು ಸಿಸ್ಟರ್ ಬಾಯಲ್ಲಿ ಕರಾವಳಿಯ ನೀರು ಕುಡಿದು, ಬಹರೈನಿನ ಬಿಸಿಲು ಕಾಯ್ದು, ಬೇರೆಯೇ ಒಂದು ಮೈಕಟ್ಟು ಪಡೆದಿದ್ದವು.

ನಾನು ಲೆಕ್ಕಪರಿಶೋಧಕ. ಅವರು ಕೊನೆಯವರೆಗೂ ನನ್ನನ್ನು ಆಡಿಟರ್ರೇ ಎಂದೇ ಕರೆದರು. ನನ್ನ ಹೆಂಡತಿಯನ್ನು ಬಾಯಿ ಎಂದು, ಕೊಂಕಣಿಯಲ್ಲಿ ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಹಾಗೆ. ವಾರದ ರಜೆಯಾದ ಶುಕ್ರವಾರ ಚರ್ಚು ಮುಗಿಸಿ ಬಂದವರು ನಮ್ಮಲ್ಲಿ ಕಾಫಿಗೆ ಕೂತರೆ, ನಮ್ಮ ಪುರಾಣಕ್ಕೂ ಅವರ ಪುರಾಣಕ್ಕೂ ನಡುವೆ ಗಂಭೀರ ವಿಚಾರಣೆಗಳು ನಡೆಯುತ್ತಿದ್ದವು. ಬ್ರಿಜಿಡ್ ಎಂಬ ಸಂತಳು ಆಶ್ರಮಕ್ಕೆ ಜಾಗ ಕೇಳಿದಳಂತೆ. ರಾಜ ಜಿಪುಣ. ನನ್ನ ಸೆರಗು ಮುಚ್ಚುವಷ್ಟು ಕೊಡು ಸಾಕು ಅಂದಳು. ಅವನು ನಕ್ಕು ಒಪ್ಪಿದ. ಸೆರಗು ಹಾಸಿದರೆ ಅದು ಹೊಲ ಗದ್ದೆ ದಾಟಿ ಹರಡುತ್ತಲೇ ಹೋಯಿತು.

"ಇದು ನಮ್ಮ ವಾಮನಾವತಾರದ ನಕಲು," ಎಂದು ನಾನು ಆಕ್ಷೇಪಣೆ ಸಲ್ಲಿಸಿದೆ.

"ಇರಬಹುದು. ಆದ್ರೆ ನಮ್ಮವಳು ರಾಜನ ತಲೆಯ ಮೇಲೆ ಕಾಲಿಡ್ಲಿಲ್ಲ ಮಾರಾಯ್ರೇ."

ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಸಿಸ್ಟರ್ ಗೆದ್ರು," ಎಂದು ತೀರ್ಪು ಕೊಟ್ಟಳು. ನನ್ನ ಮನೆಯ ನ್ಯಾಯಪೀಠ ಯಾವತ್ತೂ ನಿಷ್ಪಕ್ಷಪಾತವಾಗಿರಲಿಲ್ಲ.

ಆ ಕಾಲದ ಸನ್ಯಾಸಿಗಳು ಹುತಾತ್ಮತೆಯನ್ನು ಬಣ್ಣಗಳಲ್ಲಿ ವಿಂಗಡಿಸಿದ್ದರಂತೆ. ಕತ್ತಿಗೆ ತಲೆ ಕೊಟ್ಟರೆ ಕೆಂಪು. ಉಪವಾಸ ಬಿದ್ದು ದೇಹ ದಂಡಿಸಿದರೆ ಹಸಿರು. ದೇವರಿಗಾಗಿ ಹುಟ್ಟಿದೂರು ಬಿಟ್ಟು ಹೊರಟುಹೋದರೆ ಬಿಳಿ. ಸಿಸ್ಟರ್ ಈ ಪಟ್ಟಿ ಹಿಡಿದು ಇಡೀ ಕಟ್ಟಡವನ್ನು ಅಳೆಯುತ್ತಿದ್ದರು. "ನಿಮ್ದು ಬಿಳಿ ಆಡಿಟರ್ರೇ. ಎಸಿ ಉಂಟು, ಕಾರು ಉಂಟು, ಹೊಟ್ಟೆಯೂ ಬಂದಿದೆ. ಆದ್ರೂ ಬಿಳಿ." ನಾನು ಊರು ಬಿಟ್ಟದ್ದು ದೇವರಿಗಾಗಿ ಅಲ್ಲ, ದಿನಾರಿಗಾಗಿ ಎಂದು ತಪ್ಪೊಪ್ಪಿಗೆ ಕೊಟ್ಟರೂ ಕೇಳಲಿಲ್ಲ. "ಊರು ಬಿಟ್ಟದ್ದು ಬಿಟ್ಟದ್ದೇ," ಅಂದರು.

ಇದುವರೆಗೆ ನಗೆಯಲ್ಲಿ ಬರೆದೆ. ಇನ್ನು ಮುಂದೆ ಎಷ್ಟು ಸಾಧ್ಯವೋ ನೋಡುತ್ತೇನೆ.

ನಾವು ಬಂದ ಎರಡನೆಯ ವರ್ಷ ನಮಗೊಬ್ಬಳು ಮಗಳು ಹುಟ್ಟಿದಳು, ಆರು ತಿಂಗಳಿಗೇ. ಯಾರದೂ ತಪ್ಪಲ್ಲ, ಅವಳೇ ಅವಸರದವಳು. ನಾಲ್ಕು ದಿನ ಇದ್ದಳು. ಪೆಟ್ಟಿಗೆಯ ದುಂಡನೆಯ ಕಿಂಡಿಯಿಂದ ಸಿಸ್ಟರ್ ಕೈ ಒಳಗಿಟ್ಟು ನಿಂತಿರುತ್ತಿದ್ದರು. ಅವರ ಕಿರುಬೆರಳನ್ನು ನನ್ನ ಮಗಳು ಹಿಡಿದುಕೊಂಡಿರುತ್ತಿದ್ದಳು. ಡ್ಯೂಟಿ ಮುಗಿದ ಮೇಲೂ ಆ ಕೈ ಹೊರಗೆ ಬರುತ್ತಿರಲಿಲ್ಲ.

ಕೂಸುಗಳನ್ನು ನಾವು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಎಲ್ಲಿಯ ಮಣ್ಣು ಎಂದು ನನಗೆ ಹೊಳೆಯಲಿಲ್ಲ. ಹೆಂಡತಿ ಇನ್ನೂ ವಾರ್ಡಿನಲ್ಲಿ ಮಲಗಿದ್ದಳು. ಸಿಸ್ಟರ್ ಪಾದ್ರಿಯವರ ಹತ್ತಿರ ಏನು ಮಾತಾಡಿದರೋ ತಿಳಿಯದು. ಊರ ಹೊರಗಿನ ಕ್ರೈಸ್ತರ ಸ್ಮಶಾನದಲ್ಲಿ, ಎಳೆಗೂಸುಗಳ ಸಾಲಿನ ತುದಿಯಲ್ಲಿ, ಒಂದು ಮೊಳ ಜಾಗ ಸಿಕ್ಕಿತು. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಆ ಸಾಲಿಗೆ ಸಿಸ್ಟರ್ ಪ್ರತಿ ಶುಕ್ರವಾರ ಹೋಗುತ್ತಿದ್ದರು. ಅಲ್ಲಿದ್ದವೆಲ್ಲ ಅವರ ಕೈಯಲ್ಲಿ ಹೋದ ಕೂಸುಗಳೇ. ಅಪ್ಪನಿಗೆ ಊರಿಗೊಯ್ಯುವ ಅನುಕೂಲ ಇರುತ್ತಿರಲಿಲ್ಲ, ಅಮ್ಮ ಏಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಇಲ್ಲೇ ಮಣ್ಣು ಮಾಡುತ್ತಿದ್ದರು. ಕೆಲಸದ ಕರಾರು ಮುಗಿದಾಗ ಅಪ್ಪ ಅಮ್ಮ ಊರಿಗೆ ಹೋಗುತ್ತಿದ್ದರು. ಕೂಸು ಉಳಿಯುತ್ತಿತ್ತು. ಸಣ್ಣ ಸಣ್ಣ ಬಿಳಿ ಮರಳಿನ ದಿಬ್ಬಗಳು, ಬಾಗಿದ ಪುಟ್ಟ ಶಿಲುಬೆಗಳು. ಸಿಸ್ಟರ್ ಅವನ್ನು ನೆಟ್ಟಗೆ ಮಾಡಿ, ಗಾಳಿ ತಂದ ಪ್ಲಾಸ್ಟಿಕ್ ಹೆಕ್ಕಿ, ತೋರುಬೆರಳಿನಿಂದ ಪ್ರತಿಯೊಂದರ ಸುತ್ತ ಗಾಳಿಯಲ್ಲಿ ಒಂದು ವೃತ್ತ ಬರೆಯುತ್ತಿದ್ದರು. ಅದೂ ಆ ಮದರ್ ಕಲಿಸಿದ ಪ್ರಾರ್ಥನೆ. ವೃತ್ತದೊಳಗೆ ಕೇಡು ಬರುವುದಿಲ್ಲವಂತೆ. ನಮ್ಮ ಮಗಳ ದಿಬ್ಬಕ್ಕೆ ಶಿಲುಬೆಯಿರಲಿಲ್ಲ, ಒಂದು ಕಲ್ಲಿತ್ತು. ಅದಕ್ಕೂ ವೃತ್ತ.

ಅಲ್ಲಿ ನಿಂತೇ ಒಮ್ಮೆ ಏಳುವ ಜಾಗದ ವಿಷಯ ಹೇಳಿದರು. ಆ ನಾಡಿನ ಸನ್ಯಾಸಿಗಳು ಹುಟ್ಟುಗೋಲಿಲ್ಲದ ದೋಣಿಯಲ್ಲಿ ಕೂತು ಸಮುದ್ರಕ್ಕೆ ಹೊರಡುತ್ತಿದ್ದರಂತೆ. ಗಾಳಿ ಎಲ್ಲಿಗೆ ಒಯ್ಯುತ್ತದೋ ಅಲ್ಲಿ ಇಳಿಯುವುದು, ಅಲ್ಲೇ ಸಾಯುವುದು, ಅಲ್ಲೇ ಮಣ್ಣಾಗುವುದು. ಲೋಕದ ಕೊನೆಯ ದಿನ ಸತ್ತವರೆಲ್ಲ ಏಳುವಾಗ ಅವರು ಅಲ್ಲಿಂದಲೇ ಏಳುತ್ತಾರೆ. ಆ ಜಾಗ ಹುಡುಕುವುದೇ ಅವರ ಜೀವನ.

"ನಂಗೆ ಸಿಕ್ಕಿದೆ ಆಡಿಟರ್ರೇ," ಎಂದು ಸಾಲಿನ ಪಕ್ಕದ ಖಾಲಿ ನೆಲ ತೋರಿಸಿದರು. "ಇಲ್ಲಿ."

"ಉಡುಪಿ ಬಿಟ್ಟು ಇಲ್ಲೇ?"

"ಮತ್ತೆ? ಆ ದಿನ ಇವುಗಳ ಅಮ್ಮಂದಿರು ಎಲ್ಲಿ ಏಳ್ತಾರೆ ಹೇಳಿ. ಒಬ್ಳು ಕೊಟ್ಟಾಯಂನಲ್ಲಿ, ಒಬ್ಳು ಮನಿಲಾದಲ್ಲಿ, ಒಬ್ಳು ನಮ್ಮ ಶಿರ್ವದಲ್ಲಿ. ಇವು ಇಲ್ಲಿ ಎದ್ದು ಅಳ್ತಾ ಇರ್ತವೆ. ಎತ್ತಿಕೊಳ್ಳಿಕ್ಕೆ ಒಬ್ರು ಬೇಡವಾ? ಡ್ಯೂಟಿಯಲ್ಲಿ ಒಬ್ರು ಬೇಡವಾ ಮಾರಾಯ್ರೇ?"

"ದೇವರಿಗೆ ಅಷ್ಟೂ ವ್ಯವಸ್ಥೆ ತಿಳಿಯದೇ ಸಿಸ್ಟರ್?"

"ದೇವರಿಗೆ ಗೊತ್ತುಂಟು. ಅವನೂ ಸ್ಟಾಫ್ ಇಟ್ಕೊಂಡೇ ಅಲ್ವಾ ಕೆಲಸ ಮಾಡುವುದು?"

ನನ್ನ ಹೆಂಡತಿ ಕಲ್ಲಿನ ಹತ್ತಿರ ಕೂತಿದ್ದಳು. ತಲೆಯೆತ್ತದೆ ಕೇಳಿದಳು: "ಸಿಸ್ಟರ್, ನಮ್ಮದನ್ನ ಮೊದ್ಲು ಎತ್ತಿಕೊಳ್ತೀರಾ?"

"ಹಾಗೆಲ್ಲ ಮಾತು ಕೊಡ್ಲಿಕ್ಕೆ ಆಗುವುದಿಲ್ಲ ಬಾಯಿ. ಯಾವುದು ಜೋರಾಗಿ ಅಳ್ತದೋ ಅದನ್ನ ಮೊದ್ಲು. ವಾರ್ಡಿನ ರೂಲು." ಸ್ವಲ್ಪ ತಡೆದು, "ನಿಮ್ದು ಜೋರಿನದ್ದೇ. ಅವಳೇ ಮೊದ್ಲು," ಅಂದರು.

ಸತ್ತವರು ಏಳುತ್ತಾರೆಂದು ನಾನು ನಂಬುವವನಲ್ಲ. ನನ್ನ ಹೆಂಡತಿಯೂ ನಂಬುವವಳಲ್ಲ. ಆದರೆ ಆ ದಿನದಿಂದ ಅವಳಿಗೆ ಇರುಳು ನಿದ್ದೆ ಬರಲು ಶುರುವಾಯಿತು. ಒಂದು ಮಾತಿನ ಬೆಲೆ ಎಷ್ಟು ಎಂದು ಯಾವ ಲೆಕ್ಕಶಾಸ್ತ್ರವೂ ನನಗೆ ಕಲಿಸಿರಲಿಲ್ಲ.

ವರ್ಷಗಳು ಹೋದವು. ಸಿಸ್ಟರ್ ನಿವೃತ್ತಿಯಾಗುವ ಹೊತ್ತಿಗೆ ಒಂದು ತೊಡಕು ಎಲ್ಲರ ಗಮನಕ್ಕೆ ಬಂತು. ಬಹರೈನಿನಲ್ಲಿ ಸಾಯಬೇಕಾದರೆ ಬಹರೈನಿನಲ್ಲಿ ಬದುಕಿರಬೇಕು. ಬದುಕಿರಲು ವೀಸಾ ಬೇಕು. ವೀಸಾಕ್ಕೆ ಕೆಲಸ ಬೇಕು. ಹುಟ್ಟುಗೋಲಿಲ್ಲದ ದೋಣಿಯವರಿಗೆ ಈ ತಾಪತ್ರಯ ಇರಲಿಲ್ಲ.

ನಾನೊಂದು ಉಪಾಯ ಹೂಡಿದೆ. ಸಿಸ್ಟರನ್ನು ನಮ್ಮ ಮನೆಗೆಲಸದವಳೆಂದು ತೋರಿಸಿ ನಾನೇ ವೀಸಾ ತೆಗೆಸುವುದು. ಇಡೀ ವಾರ್ಡನ್ನು ಆಳಿದವರನ್ನು ಪಾತ್ರೆ ತೊಳೆಯುವವರೆಂದು ಬರೆಯಲು ನನಗೆ ಕೈ ಏಳಲಿಲ್ಲ. ಅವರೇ ನಕ್ಕರು. "ಬ್ರಿಜಿಡ್ ಹಾಲು ಕರೀತಿದ್ಲು, ಬೆಣ್ಣೆ ಕಡೀತಿದ್ಲು. ನಾನು ನಿಮ್ಮ ನಾಲ್ಕು ಲೋಟ ತೊಳೆದ್ರೆ ಎಂತ ಆಗ್ತದೆ? ಆದ್ರೆ ಕುಕ್ಕರ್ ತೊಳೆಯುವುದಿಲ್ಲ, ಈಗ್ಲೇ ಹೇಳಿದ್ದೇನೆ."

ಸರ್ಕಾರಿ ಕಚೇರಿಗಳಿಗೆ ನಮ್ಮ ಕಾಗದಪತ್ರ ಹೊತ್ತು ತಿರುಗುವ ಮಂದೂಬ್ ಒಬ್ಬನಿದ್ದ. ಅವನು ಪಾಸ್‌ಪೋರ್ಟು ನೋಡಿ, ಹುಟ್ಟಿದ ವರ್ಷ ನೋಡಿ, ನನ್ನ ಮುಖ ನೋಡಿದ. "ಬಾಬಾ, ಇಸ್ ಉಮರ್ ಮೇ ಹೌಸ್‌ಮೇಡ್? ಇನ್ ಕೋ ತೋ ಖುದ್ ಹೌಸ್‌ಮೇಡ್ ಚಾಹಿಯೇ. ಮಾಫಿ." ಈ ವಯಸ್ಸಿನಲ್ಲಿ ಅವರಿಗೇ ಒಬ್ಬಳು ಮನೆಗೆಲಸದವಳು ಬೇಕು ಎಂದು. ಮಾಫಿ ಎಂದರೆ ಇಲ್ಲ. ಅದು ಕ್ಷಮೆಯ ಮಾತಲ್ಲವೆಂದು ಗಲ್ಫಿಗೆ ಬಂದವರು ಬೇಗ ಕಲಿಯುತ್ತಾರೆ.

ಸಿಸ್ಟರ್ ಹೊರಟರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಹೇಳಿದರು: "ಹುಡುಗಿಯಾಗಿ ಊರು ಬಿಟ್ಟಾಗ ನಂಗೆ ಏನೂ ಆಗ್ಲಿಲ್ಲ ಮಾರಾಯ್ರೇ. ಬಿಳಿ ಅಂದ್ರೆ ಏನಂತ ಇವತ್ತು ಗೊತ್ತಾಯ್ತು."

ಉಡುಪಿಯಲ್ಲಿ ತಮ್ಮನ ಮಗನ ಮನೆ. ಅವನೂ ಅವನ ಹೆಂಡತಿಯೂ ಒಳ್ಳೆಯವರು; ಆಂಟಿಗೆಂದೇ ಕೆಳಗಿನ ಕೋಣೆಗೆ ಹೊಸ ಫ್ಯಾನು ಹಾಕಿಸಿದ್ದರು. ವರ್ಷ ತುಂಬುವ ಮೊದಲೇ ಫೋನು ಬಂತು.

"ಆಡಿಟರ್ರೇ, ನಂಗೊಂದು ವಿಸಿಟ್ ವೀಸಾ ತೆಗೀರಿ. ಸಾಯ್ಲಿಕ್ಕೆ ಉಂಟು."

ಹೊಟ್ಟೆಯಲ್ಲಿ ಗಂಟು. ಡಾಕ್ಟರಿಗಿಂತ ಮೊದಲು ಅವರೇ ಕೈಯಿಟ್ಟು ಕಂಡುಕೊಂಡಿದ್ದರು. ಹೆಚ್ಚು ದಿನ ಇಲ್ಲವೆಂದು ಡಾಕ್ಟರರೂ ಒಪ್ಪಿದ್ದರು. ಕೊನೆಯದಾಗಿ ಹಳೆಯ ಗೆಳೆಯರನ್ನು ನೋಡಿ ಬರಲಿ ಎಂದು ಮನೆಯವರು ಕಳಿಸಿದರು. ನಾನು ಗುಟ್ಟಾಗಿ ವಿಚಾರಿಸಿದೆ: ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಸತ್ತರೆ ಇಲ್ಲಿ ಹೂಳಬಹುದೇ? ಹೂಳಬಹುದು. ನನ್ನ ಜೀವಮಾನದಲ್ಲಿ ಇಷ್ಟು ಸಮಾಧಾನ ಕೊಟ್ಟ ಕೆಟ್ಟ ಸುದ್ದಿ ಇನ್ನೊಂದಿಲ್ಲ.

ಗಾಲಿಕುರ್ಚಿಯಲ್ಲಿ ಬಂದರು. ಮೈಯಲ್ಲಿ ಮಾಂಸವಿರಲಿಲ್ಲ. ನನ್ನ ಹೆಂಡತಿ ಸಬ್ಬಕ್ಕಿ ಗಂಜಿ ಮಾಡಿದಳು, ಹೆಸರುಬೇಳೆ ತೊವ್ವೆ ಮಾಡಿದಳು, ಮಜ್ಜಿಗೆಗೆ ಶುಂಠಿ ಹಾಕಿ ಕೊಟ್ಟಳು. ಮೂರನೆಯ ವಾರಕ್ಕೆ ಸಿಸ್ಟರ್ ಗಾಲಿಕುರ್ಚಿ ಬಿಟ್ಟರು. ಕೆನ್ನೆಗೆ ಬಣ್ಣ ಬಂತು.

"ಏನು ಸಿಸ್ಟರ್, ಇವತ್ತು ಎರಡು ದೋಸೆ!"

"ಅದೇ ನಂಗೂ ಚಿಂತೆ ಬಾಯಿ. ನಿಮ್ಮ ಕೈ ಅಡುಗೆ ತಿಂದ್ರೆ ಸಾಯ್ಲಿಕ್ಕೆ ಆಗುವುದಿಲ್ಲ. ಸ್ವಲ್ಪ ಉಪ್ಪು ಹೆಚ್ಚು ಹಾಕಿ, ಹಾಳು ಮಾಡಿ."

ವೀಸಾ ಒಮ್ಮೆ ಮುಂದುವರಿಸಿದೆ. ಅದಕ್ಕಿಂತ ಹೆಚ್ಚಿಗೆ ಆಗುವುದಿಲ್ಲವೆಂದರು. ದಿನ ಹತ್ತಿರ ಬಂದ ಹಾಗೆಲ್ಲ ಸಿಸ್ಟರ್ ಹುಷಾರಾಗುತ್ತ ಹೋದರು. ಒಂದು ಸಂಜೆ ಹೆಂಡತಿ ಕೊತ್ತಂಬರಿ ಸೋಸುತ್ತ ಕೂತವಳು ನನ್ನತ್ತ ನೋಡದೆ ಕೇಳಿದಳು: "ರೀ, ಊಟ ಸ್ವಲ್ಪ ಕಮ್ಮಿ ಮಾಡ್ಲಾ?"

ಕೇಳಿದ ಮೇಲೆ ತಾನು ಏನು ಕೇಳಿದೆನೆಂದು ಅವಳಿಗೆ ತಿಳಿಯಿತು. ಕೊತ್ತಂಬರಿ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ಆ ರಾತ್ರಿಯ ಸಾರಿಗೆ ಎಂದಿಗಿಂತ ಹೆಚ್ಚು ತುಪ್ಪ ಬಿದ್ದಿತ್ತು.

ಹೊರಡುವ ಹಿಂದಿನ ದಿನ ಸಿಸ್ಟರ್ ಸ್ಮಶಾನಕ್ಕೆ ಕರೆದುಕೊಂಡು ಹೋಗಲು ಹೇಳಿದರು. ನಮ್ಮ ಅಡುಗೆಮನೆಯಿಂದ ಖಾಲಿಯಾದ ಹಾಲಿನ ಪುಡಿಯ ಡಬ್ಬಿಯೊಂದನ್ನೂ ಚಮಚವನ್ನೂ ತಂದಿದ್ದರು. ಕೂಸುಗಳ ದಿಬ್ಬಗಳ ನಡುವಿನಿಂದ, ಯಾವ ದಿಬ್ಬವೂ ಕದಡದ ಹಾಗೆ, ಚಮಚ ಚಮಚವಾಗಿ ಬಿಳಿ ಮರಳು ತುಂಬಿಸಿದರು. ಅದರಲ್ಲಿ ಕಪ್ಪೆಚಿಪ್ಪಿನ ಚೂರುಗಳಿದ್ದವು.

"ಕೊಲಂಬಾ ಅಂತ ಒಬ್ಬ ಇದ್ದ," ಅಂದರು, ಉಸಿರು ತೆಗೆದುಕೊಂಡು. "ಊರು ಬಿಟ್ಟು ಒಂದು ದ್ವೀಪಕ್ಕೆ ಹೋದ. ಇನ್ನು ನನ್ನೂರಿನ ಮಣ್ಣು ಮೆಟ್ಟುವುದಿಲ್ಲ ಅಂತ ಶಪಥ. ಆಮೇಲೆ ಎಂತದೋ ಸಭೆಗೆ ಊರಿಗೆ ಹೋಗಲೇಬೇಕಾಯ್ತು. ಅವ ಎಂತ ಮಾಡಿದ ಗೊತ್ತುಂಟಾ? ಆ ದ್ವೀಪದ ಹುಲ್ಲುಹೆಂಟೆಯನ್ನೇ ಪಾದದಡಿಗೆ ಕಟ್ಟಿಕೊಂಡು ನಡೆದ. ಹೋದ ಹಾಗೂ ಆಯ್ತು, ದ್ವೀಪ ಬಿಡದ ಹಾಗೂ ಆಯ್ತು."

"ನಮ್ಮ ವೃತ್ತಿಯಲ್ಲಿ ಇದಕ್ಕೆ ಆಕ್ಷೇಪಣೆ ಇಲ್ಲ ಸಿಸ್ಟರ್," ಅಂದೆ.

"ಪೆಟ್ಟಿಗೆಯಲ್ಲಿ ನನ್ನ ಕಾಲಡಿಗೆ ಇದನ್ನು ಹಾಕಿದ್ರೆ ಆಯ್ತು. ಆಮೇಲೆ ನಾನು ಎಲ್ಲಿ ಎದ್ರೂ ಇಲ್ಲೇ ಎದ್ದ ಹಾಗೆ."

"ಮನೆಯವರಿಗೆ ನಾನು ಹೇಳಲೇ?"

"ಬೇಡ, ನಾನೇ ಸಮಯ ನೋಡಿ ಹೇಳ್ತೇನೆ. ಫೋನಿನಲ್ಲಿ ಹೇಳಿದ್ರೆ ಆಂಟಿಗೆ ತಲೆ ಕೆಟ್ಟಿದೆ ಅಂತಾರೆ ಪಾಪ."

ಸಮಯ ಸಿಗಲಿಲ್ಲ. ಇಲ್ಲಿ ಗಟ್ಟಿಯಾಗಿದ್ದವರು ಅಲ್ಲಿ ಇಳಿದ ಮೂರನೆಯ ದಿನವೇ ಹಾಸಿಗೆ ಹಿಡಿದರು. ನೋವಿನ ಔಷಧದ ಮಂಪರು, ಮಾತು ಅರ್ಧಂಬರ್ಧ. ಮಳೆಗಾಲ ಶುರುವಾಗಿ ಹದಿನೈದು ದಿನಕ್ಕೆ ಹೋದರು. ನೆರೆಮನೆಯವನು ಬರಲೆಂದು ಯಾರೂ ಮಣ್ಣು ಮಾಡುವುದನ್ನು ತಡೆಯುವುದಿಲ್ಲ. ವಿಮಾನ ಸಿಕ್ಕಿ ನಾನು ತಲುಪುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಸುದ್ದಿ ಹೇಳಲು ಸಂಜೆ ಫೋನು ಮಾಡಿದವಳು ತಮ್ಮನ ಮಗನ ಹೆಂಡತಿ. ನಾನು ಡಬ್ಬಿಯ ವಿಷಯ ಹೇಳಿದೆ.

"ಆ ಡಬ್ಬಿಯಾ ಅಂಕಲ್?" ಎಂದಳು. "ಹಾಲಿನ ಪುಡಿ ಅಂತ ಬಿಚ್ಚಿದೆ. ಮಣ್ಣಿತ್ತು. ಗಿಡಕ್ಕೆ ತಂದದ್ದೇನೋ ಅಂದ್ಕೊಂಡು ಆಗ್ಲೇ ತೆಂಗಿನ ಬುಡಕ್ಕೆ ಸುರಿದೆ. ಡಬ್ಬಿ ತೊಳೆದು ರವೆ ಹಾಕಿಟ್ಟಿದ್ದೇನೆ."

ಗಲ್ಫಿನಿಂದ ಬಂದ ಡಬ್ಬಿಯನ್ನು ನಮ್ಮ ಕಡೆ ಯಾವ ಮನೆಯಲ್ಲಿ ಎಸೆಯುತ್ತಾರೆ? ಯಾವ ಹೆಣ್ಣುಮಗಳಾದರೂ ಅದನ್ನೇ ಮಾಡುತ್ತಿದ್ದಳು. ನಾನು ಅದನ್ನು ಹೇಳಿದೆ. ಅವಳಿಗೆ ಕೇಳಿಸಲಿಲ್ಲ, ಅಳುತ್ತಿದ್ದಳು.

ಮರುದಿನ ಮಣ್ಣಾದ ಮೇಲೆ ಮತ್ತೆ ಫೋನು ಮಾಡಿದಳು.

"ಬೆಳಿಗ್ಗೆ ಹೋಗಿ ನೋಡಿದೆ ಅಂಕಲ್. ಮಳೆಗೆ ಎಲ್ಲ ಕಲಸಿ ಹೋಗಿತ್ತು. ಆದ್ರೆ ನಮ್ಮ ಮಣ್ಣು ಕೆಂಪು ಅಲ್ವಾ. ಅದ್ರಲ್ಲಿ ಬಿಳಿ ಬಿಳಿ ಕಂಡದ್ದನ್ನೆಲ್ಲ ಬೆರಳಲ್ಲಿ ಹೆಕ್ಕಿದೆ. ಚಿಪ್ಪಿನ ಚೂರೆಲ್ಲ ಹೆಕ್ಕಿದೆ. ಒಂದು ಲೋಟದಷ್ಟೂ ಆಗ್ಲಿಲ್ಲ. ಆಂಟಿಯ ಕಾಲಡಿಗೆ ಹಾಕಿದೆ. ಪಾದ್ರಿ ಎಂತ ಅದು ಅಂತ ಕೇಳಿದ್ರು. ಆಂಟಿಯ ಬಹರೈನ್ ಅಂದೆ." ಮೂಗು ಒರೆಸಿಕೊಂಡ ಸದ್ದು. "ಅಂಕಲ್, ಅಷ್ಟು ಸಾಕಾಗ್ತದಾ?"

"ಸಾಕಮ್ಮ. ಧಾರಾಳ ಸಾಕು," ಅಂದೆ.

ಫೋನು ಇಟ್ಟ ಮೇಲೆ ಹೆಂಡತಿ ಕೇಳಿದಳು: "ನಿಜವಾಗ್ಲೂ ಸಾಕಾ ರೀ? ಎರಡು ಕಾಲು ಊರಿ ನಿಲ್ಲೋದಕ್ಕಾದ್ರೂ ಆಗುತ್ತಾ ಅದು?" ಸತ್ತವರು ಏಳುವುದನ್ನು ನಂಬದವಳು ಕೇಳಿದ ಪ್ರಶ್ನೆ.

ಈಗ ಶುಕ್ರವಾರಗಳಲ್ಲಿ ನಾವಿಬ್ಬರೇ ಹೋಗುತ್ತೇವೆ. ಪ್ಲಾಸ್ಟಿಕ್ ಹೆಕ್ಕುತ್ತೇವೆ, ಶಿಲುಬೆ ನೆಟ್ಟಗೆ ಮಾಡುತ್ತೇವೆ. ವೃತ್ತ ಬರೆಯುವ ಹಕ್ಕು ನಮಗಿಲ್ಲವೆಂದು ನಾನು ಅಂದುಕೊಂಡಿದ್ದೆ. ಹೆಂಡತಿ ಕೇಳುವುದಿಲ್ಲ, ಎಲ್ಲಕ್ಕೂ ಬರೆಯುತ್ತಾಳೆ. ಸಿಸ್ಟರ್ ತೋರಿಸಿದ್ದ ಪಕ್ಕದ ಖಾಲಿ ನೆಲದಲ್ಲಿ ಹೋದ ತಿಂಗಳು ಬೇರೆ ಯಾರನ್ನೋ ಮಲಗಿಸಿದ್ದಾರೆ.

ಈ ವರ್ಷದ ಕೊನೆಗೆ ನನಗೂ ನಿವೃತ್ತಿ, ವೀಸಾ ಮುಗಿಯುತ್ತದೆ. ಸಾಮಾನು ಕಟ್ಟಲು ಶುರುಮಾಡಿದ್ದೇವೆ. ನಾವು ಹೋಗುತ್ತೇವೆ. ಮಗಳು ಇಲ್ಲೇ ಇರುತ್ತಾಳೆ.